ಹೊಟ್ಟೆ ನೋಡುವ ಮೆಷಿನ್ ಕಣ್ಣಿಗೆ ಯಾಕೆ ಇಟ್ಟರು?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಗಂಗೊಳ್ಳಿ. ಅಪ್ಪನಿಗೆ 64 ವರ್ಷ, ಬೋಟಿನಲ್ಲಿ ತಾಂಡೇಲ (ಬೋಟು ನಡೆಸುವವರು) ಆಗಿದ್ದವರು, ಈಗ ಮನೆಯಲ್ಲೇ ಇದ್ದಾರೆ. ಶುಗರ್ ಉಂಟು. ಮೂರು ವರ್ಷದ ಹಿಂದೆ ಬಲಗಣ್ಣಿಗೆ ಪೊರೆ ಆಪರೇಷನ್ ಆಗಿದೆ. ಹೋದ ಭಾನುವಾರ ಸಂಜೆ ಟಿವಿ ನೋಡ್ತಾ ಇದ್ದವರು "ಬಲಗಣ್ಣಿಗೆ ಕೆಳಗಿನಿಂದ ಕಪ್ಪು ಪರದೆ ಏರಿದ ಹಾಗೆ ಆಗ್ತಿದೆ" ಅಂದರು. ಹತ್ತಿರದ ಆಸ್ಪತ್ರೆಯ ಕ್ಯಾಶುವಲ್ಟಿಗೆ ಹೋದೆವು. ಅಲ್ಲಿ ಕಣ್ಣಿನ ಡಾಕ್ಟರ್ ಇರಲಿಲ್ಲ. ಒಬ್ಬ ಹುಡುಗ ಡಾಕ್ಟರ್ ಮುಚ್ಚಿದ ಕಣ್ಣಿನ ಮೇಲೆ ಜೆಲ್ ಹಾಕಿ, ಬಸುರಿಯರಿಗೆ ಮಾಡುವ ಸ್ಕ್ಯಾನಿಂಗ್ ಮೆಷಿನ್ ಇಟ್ಟು ನೋಡಿ, "ರೆಟಿನಾ ಕಳಚಿ ಬರ್ತಾ ಇದೆ, ಬೆಳಗ್ಗೆವರೆಗೆ ಕಾಯಬೇಡಿ, ಕಾರಿನಲ್ಲಿ ಮಲಗಿಸಿಕೊಂಡು ಈಗಲೇ ದೊಡ್ಡ ಆಸ್ಪತ್ರೆಗೆ ಹೋಗಿ" ಅಂದರು. ಹೋದೆವು. ಸೋಮವಾರ ಆಪರೇಷನ್ ಆಯ್ತು, ಕಣ್ಣೊಳಗೆ ಗ್ಯಾಸ್ ತುಂಬಿಸಿದ್ದಾರಂತೆ. ಈಗ ಊರಿನವರೆಲ್ಲ ಅದು ಬಿಲ್ ಮಾಡಲಿಕ್ಕೆ ಮಾಡಿದ ಸ್ಕ್ಯಾನ್ ಅಂತಾರೆ. ಟಾರ್ಚ್ ಬಿಟ್ಟು ನೋಡಿದ್ರೆ ಸಾಕಿತ್ತಲ್ವಾ? ಅದರಿಂದ ಕಣ್ಣಿಗೆ ತೊಂದರೆ ಇಲ್ವಾ? ಪಕ್ಕದ ಮನೆಯ ಅಕ್ಕನಿಗೆ (38 ವರ್ಷ) ಮೂರು ದಿನದಿಂದ ಒಂದು ಕಣ್ಣು ಮಂಜು, ಕಣ್ಣು ತಿರುಗಿಸಿದರೆ ನೋವು. ಅವರಿಗೂ ಇದೇ ಸ್ಕ್ಯಾನ್ ಮಾಡಿ ನಾರ್ಮಲ್ ಅಂದಿದ್ದಾರೆ. ಹಾಗಾದರೆ ಕಣ್ಣು ಯಾಕೆ ಕಾಣುತ್ತಿಲ್ಲ? ಇನ್ನೊಂದು, ದುಬೈಯಲ್ಲಿರುವ ಅಣ್ಣ ಅಪ್ಪನನ್ನು ಅಲ್ಲಿಗೆ ಕರೆಸಿಕೊಳ್ಳಲು ಮುಂದಿನ ವಾರಕ್ಕೆ ಟಿಕೆಟ್ ಮಾಡ್ತೇನೆ ಅಂತಿದ್ದಾನೆ. ಕಳಿಸಬಹುದಾ?

ಉತ್ತರ:

ಮೊದಲು ಪಕ್ಕದ ಮನೆಯ ಅಕ್ಕ. ಇದನ್ನು ಓದಿ ಮುಗಿಸುವ ಮುಂಚೆಯೇ ಅವರಿಗೆ ಹೇಳಿ, ಇವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಲಿ. ಕಾರಣ ಕೆಳಗೆ ಬರೆಯುತ್ತೇನೆ. ಎರಡನೆಯದು, ಅಣ್ಣನಿಗೆ ಟಿಕೆಟ್ ಮಾಡಬೇಡ ಅನ್ನಿ. ಅದರ ಕಾರಣ ಕೊನೆಗೆ.

ನಾನು ಕ್ಯಾಶುವಲ್ಟಿ ಡಾಕ್ಟರ್, ಕಣ್ಣಿನ ಡಾಕ್ಟರ್ ಅಲ್ಲ. ಅಂದರೆ ನಿಮ್ಮ ಊರಿನವರು ಬೈಯುತ್ತಿರುವ ಆ ಹುಡುಗನ ಜಾತಿಯವನೇ. ಹಾಗಾಗಿ ಸ್ವಲ್ಪ ಅವನ ಕಡೆ ವಾಲಿ ಬರೆದರೆ ಬೇಜಾರು ಮಾಡಬೇಡಿ. ಆದರೂ ಹೇಳುತ್ತೇನೆ, ಭಾನುವಾರ ಸಂಜೆ ಕಣ್ಣಿನ ಡಾಕ್ಟರಿಲ್ಲದ ಜಾಗದಲ್ಲಿ ಅವನು ಮಾಡಿದ್ದು ಸರಿಯಾಗಿಯೇ ಇತ್ತು.

ಮೆಷಿನ್ ವಿಷಯ ನಿಮ್ಮಪ್ಪನವರಿಗೆ ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಬೋಟಿನಲ್ಲಿ ಫಿಶ್ ಫೈಂಡರ್ ಇರುತ್ತದಲ್ಲ? ಕೆಳಗೆ ಶಬ್ದ ಬಿಡುತ್ತದೆ, ಅದು ತಳಕ್ಕೋ ಮೀನಿನ ಹಿಂಡಿಗೋ ತಾಗಿ ವಾಪಸು ಬರುತ್ತದೆ, ಎಷ್ಟು ಹೊತ್ತಿಗೆ ಬಂತು ಅಂತ ಲೆಕ್ಕ ಹಾಕಿ ಪರದೆಯ ಮೇಲೆ ಚಿತ್ರ ಬರೆಯುತ್ತದೆ. ಇದೂ ಅದೇ. ನೀರು ತಿಳಿಯಾಗಿದ್ದರೂ ಕೆಸರಾಗಿದ್ದರೂ ಶಬ್ದಕ್ಕೆ ಚಿಂತೆಯಿಲ್ಲ, ಬೆಳಕಿಗೆ ಮಾತ್ರ ಚಿಂತೆ. ಕಣ್ಣಿನ ಸ್ಕ್ಯಾನಿಂಗಿನ ಗುಟ್ಟು ಇಷ್ಟೇ. ಕಣ್ಣೊಳಗೆ ರಕ್ತ ತುಂಬಿದ್ದರೆ, ಅಥವಾ ಬಲಿತ ಪೊರೆ ಇದ್ದರೆ, ಎಂಥಾ ದೊಡ್ಡ ಡಾಕ್ಟರಾದರೂ ಬೆಳಕು ಬಿಟ್ಟು ಹಿಂದಿನ ಗೋಡೆ ನೋಡಲಾಗುವುದಿಲ್ಲ. ಶಬ್ದ ಹೋಗುತ್ತದೆ.

"ಬಸುರಿಯರ ಮೆಷಿನ್" ಅನ್ನುವ ಮಾತಿಗೆ ಒಂದು ತಮಾಷೆಯ ಉತ್ತರ ಉಂಟು. ಅಮೆರಿಕದಲ್ಲಿ ಮಂಟ್ ಮತ್ತು ಹ್ಯೂಸ್ ಎಂಬಿಬ್ಬರು ಕಣ್ಣೊಳಗಿನ ಗಡ್ಡೆಯನ್ನು ಶಬ್ದದಿಂದ ಪರೀಕ್ಷಿಸಿದ ವಿಷಯ ಬರೆದದ್ದು 1956ರಲ್ಲಿ. ಬಾಮ್ ಮತ್ತು ಗ್ರೀನ್‌ವುಡ್ ಕಣ್ಣಿನ ಪೂರ್ತಿ ಚಿತ್ರ ತೆಗೆಯುವ ಕ್ರಮ ತೋರಿಸಿದ್ದು 1958ರಲ್ಲಿ. ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಹೊಟ್ಟೆಯ ಸ್ಕ್ಯಾನಿಂಗ್ ಬಗ್ಗೆ ಬರೆದ ಹೆಸರಾಂತ ಲೇಖನ ಬಂದದ್ದೂ ಅದೇ 1958ರಲ್ಲಿ. ಅಂದರೆ ಕಣ್ಣೇನೂ ಹೊಟ್ಟೆಯಿಂದ ಮೆಷಿನ್ ಎರವಲು ತಂದದ್ದಲ್ಲ, ಇಬ್ಬರೂ ಒಂದೇ ಕಾಲದವರು.

ಮತ್ತೆ ಮೆಷಿನ್ ಅದೇ ಆದರೂ ಕೈಯಲ್ಲಿ ಹಿಡಿಯುವ ಪ್ರೋಬ್ ಬೇರೆ. ಹೊಟ್ಟೆಗೆ ಆಳ ಬೇಕು, ಅದಕ್ಕೆ 2ರಿಂದ 5 ಮೆಗಾಹರ್ಟ್ಸ್ ಸುತ್ತಮುತ್ತಲಿನ ಬಾಗಿದ ಪ್ರೋಬ್. ಕಣ್ಣು ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್ ಅಷ್ಟೇ. ಅಲ್ಲಿ ಆಳ ಬೇಡ, ಸೂಕ್ಷ್ಮ ಬೇಕು, ಹಾಗಾಗಿ 7.5ರಿಂದ 15 ಮೆಗಾಹರ್ಟ್ಸ್‌ನ ಚಪ್ಪಟೆ ಪ್ರೋಬ್. ಥೈರಾಯ್ಡ್ ನೋಡಲು, ಕುತ್ತಿಗೆಯ ರಕ್ತನಾಳ ಹುಡುಕಿ ಸೂಜಿ ಹಾಕಲು ನಾವು ದಿನಾ ಬಳಸುವುದು ಅದನ್ನೇ.

ತೊಂದರೆ ಆಗುತ್ತದಾ? ಇದರಲ್ಲಿ ಎಕ್ಸ್‌ರೇ ತರಹ ವಿಕಿರಣ ಇಲ್ಲ. ಆದರೆ ಶಬ್ದಕ್ಕೂ ಶಕ್ತಿ ಇದೆ, ಕಣ್ಣು ನಾಜೂಕು. ಅದಕ್ಕೇ ಮೆಷಿನ್‌ನಲ್ಲಿ "ಕಣ್ಣು" ಅಂತ ಬೇರೆ ಸೆಟ್ಟಿಂಗ್ ಇರುತ್ತದೆ, ಅದನ್ನು ಒತ್ತಿದರೆ ಶಕ್ತಿ ಕಡಿಮೆಯಾಗುತ್ತದೆ. ಪರದೆಯ ಮೂಲೆಯಲ್ಲಿ ಎಂಐ ಅಂತ ಸಣ್ಣ ಅಂಕಿ ಕಾಣುತ್ತದೆ, ಶಬ್ದ ಎಷ್ಟು ಜೋರು ಅನ್ನುವುದರ ಅಳತೆ ಅದು. ಔಷಧಿ, ಮೆಷಿನ್‌ಗಳಿಗೆ ನಿಯಮ ಹಾಕುವ ಅಮೆರಿಕದ ಸಂಸ್ಥೆ ಎಫ್‌ಡಿಎ ಕಣ್ಣಿಗೆ ಹಾಕಿದ ಮಿತಿ 0.23. ಹೊಟ್ಟೆಗೆ ಇದಕ್ಕಿಂತ ಎಷ್ಟೋ ಜಾಸ್ತಿ ಬಿಡಬಹುದು. ಐದು ನಿಮಿಷದ ಕೆಲಸ, ಅಷ್ಟರಲ್ಲಿ ಕಣ್ಣಿಗೆ ಏನೂ ಆಗುವುದಿಲ್ಲ. ಜೆಲ್ ತಣ್ಣಗಿರುತ್ತದೆ, ರೆಪ್ಪೆಯ ಸಂದಿಯಿಂದ ಸ್ವಲ್ಪ ಒಳಗೆ ಹೋದರೆ ಉರಿಯುತ್ತದೆ, ಅಷ್ಟೇ.

ನಿಜವಾದ ಅಪಾಯ ಬೇರೆ ಕಡೆ ಇದೆ. ಕಣ್ಣು ಒಡೆದಿದ್ದರೆ ಅದರ ಮೇಲೆ ಏನನ್ನೂ ಒತ್ತಬಾರದು. ಗ್ರೈಂಡಿಂಗ್ ಮಾಡುವಾಗ ಚೂರು ಸಿಡಿದದ್ದು, ಕತ್ತಿಯ ತುದಿ ತಾಗಿದ್ದು, ಪಟಾಕಿ, ಇಂಥದ್ದಾಗಿ ಪಾಪೆ ದುಂಡಗಿಲ್ಲದೆ ಒಂದು ಬದಿಗೆ ಎಳೆದ ಹಾಗೆ ಕಂಡರೆ, ಕಣ್ಣಿನಿಂದ ದ್ರವ ಸೋರುತ್ತಿದ್ದರೆ, ಪ್ರೋಬ್ ಆ ಕಡೆ ಸುಳಿಯಕೂಡದು. ಡ್ರಾಪ್ಸ್ ಬೇಡ, ತೊಳೆಯುವುದೂ ಬೇಡ. ಒಂದು ಪೇಪರ್ ಕಪ್ಪಿನ ತಳಭಾಗ ಕತ್ತರಿಸಿ, ಕಣ್ಣಿಗೆ ತಾಗದ ಹಾಗೆ ಸುತ್ತಲಿನ ಎಲುಬಿನ ಮೇಲೆ ಕೂರಿಸಿ ಟೇಪ್ ಅಂಟಿಸಿ ಕಳಿಸಬೇಕು. ಕಬ್ಬಿಣದ ಚೂರು ಹೊಕ್ಕಿರುವ ಅನುಮಾನ ಇದ್ದರೆ ಸಿಟಿ ಸ್ಕ್ಯಾನ್. ಎಂಆರ್‌ಐ ಮಾಡಬಾರದು, ಅಯಸ್ಕಾಂತಕ್ಕೆ ಚೂರು ಒಳಗೇ ಸರಿದೀತು.

ಈಗ ನಿಮ್ಮಪ್ಪನವರ ಕಣ್ಣು. ಒಂದು ಬೊಂಡ, ಅಂದರೆ ಎಳನೀರು, ನೆನೆಸಿಕೊಳ್ಳಿ. ಹೊರಗೆ ಚಿಪ್ಪು, ಒಳಗೆ ಅದಕ್ಕೆ ಅಂಟಿಕೊಂಡ ತೆಳ್ಳಗಿನ ತಿರುಳು, ಮಧ್ಯೆ ನೀರು. ಕಣ್ಣೂ ಹೆಚ್ಚುಕಡಿಮೆ ಹೀಗೇ. ಗೋಡೆಗೆ ಅಂಟಿದ ತಿರುಳೇ ರೆಟಿನಾ, ನೋಡುವ ಕೆಲಸ ಅದರದ್ದು. ಮಧ್ಯದ ನೀರಿನ ಜಾಗದಲ್ಲಿ ಲೋಳೆಯಂಥ ವಿಟ್ರಿಯಸ್ ಇದೆ. ವಯಸ್ಸಾದಂತೆ ಲೋಳೆ ಸುಕ್ಕಿ ಗೋಡೆಯಿಂದ ಬಿಡುತ್ತದೆ, ಬಿಡುವಾಗ ಎಲ್ಲಾದರೂ ರೆಟಿನಾವನ್ನು ಎಳೆದು ಹರಿದರೆ ಆ ತೂತಿನಿಂದ ನೀರು ಹಿಂದೆ ನುಗ್ಗಿ ತಿರುಳು ಚಿಪ್ಪಿನಿಂದ ಏಳುತ್ತದೆ. ಪೊರೆ ಆಪರೇಷನ್ ಆದವರಿಗೆ, ಮೈನಸ್ ಪವರ್ ತುಂಬಾ ಇರುವವರಿಗೆ, ಕಣ್ಣಿಗೆ ಪೆಟ್ಟು ಬಿದ್ದವರಿಗೆ ಇದು ಉಳಿದವರಿಗಿಂತ ಜಾಸ್ತಿ. ಹಾಗಂತ ಪೊರೆ ಆಪರೇಷನ್ ಮಾಡಿದವರನ್ನು ಬೈಯಬೇಡಿ, ಅದು ಅವರ ತಪ್ಪಲ್ಲ.

ಆ ಹುಡುಗನ ತಲೆಯಲ್ಲಿ ಆವತ್ತು ಎರಡು ಅನುಮಾನ ಇದ್ದಿರಬೇಕು. ಶುಗರ್ ಇದೆ, ಹಾಗಾಗಿ ಸಕ್ಕರೆ ಕಾಯಿಲೆಯಿಂದ ಹುಟ್ಟಿದ ಹಾಳು ರಕ್ತನಾಳ ಒಡೆದು ಒಳಗೆ ರಕ್ತ ಬಿದ್ದಿರಬಹುದು. ಅಥವಾ ರೆಟಿನಾ ಕಳಚಿರಬಹುದು. ಎರಡರಲ್ಲೂ ನೋವಿಲ್ಲ, ಎರಡರಲ್ಲೂ ಒಮ್ಮೆಲೇ ಕಪ್ಪಾಗುತ್ತದೆ. ಆದರೆ ಒಂದರಲ್ಲಿ ತಲೆ ಎತ್ತರಿಸಿ ಮಲಗಿಸಬೇಕು, ರಕ್ತ ಕೆಳಗೆ ಇಳಿಯಲಿ ಅಂತ, ಆಮೇಲೆ ಬೆಳಗ್ಗೆ ಕಣ್ಣಿನ ಡಾಕ್ಟರಿಗೆ ತೋರಿಸಿದರೆ ನಡೆಯುತ್ತದೆ. ಇನ್ನೊಂದರಲ್ಲಿ, ಅದೂ ಮೇಲಿನ ಭಾಗ ಕಳಚಿದ್ದರೆ, ಚಪ್ಪಟೆ ಮಲಗಿಸಿ ರಾತ್ರಿಯೇ ಓಡಬೇಕು. ಕಣ್ಣೊಳಗೆ ಚಿತ್ರ ತಲೆಕೆಳಗಾಗಿ ಬೀಳುತ್ತದೆ, ಹಾಗಾಗಿ ಕೆಳಗಿನಿಂದ ಪರದೆ ಏರಿತು ಅಂದರೆ ಕಳಚಿದ್ದು ಮೇಲಿನ ಭಾಗ. ಎದ್ದು ಕೂತರೆ ಮೇಲಿನಿಂದ ನೀರು ಭಾರಕ್ಕೆ ಕೆಳಗಿಳಿದು ನಡುವಿನ ಮ್ಯಾಕ್ಯುಲಾವನ್ನೂ ಎಬ್ಬಿಸಬಹುದು. ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಹಾಕುವುದು ಎಲ್ಲ ಆ ಚುಕ್ಕಿಯಷ್ಟು ಜಾಗದ ಕೆಲಸ. ಅದು ಇನ್ನೂ ಅಂಟಿಕೊಂಡಿದ್ದರೆ ಒಂದು ದಿನದೊಳಗೆ ಆಪರೇಷನ್ ಮಾಡಿಸಲು ನೋಡುತ್ತಾರೆ. ಅದೂ ಎದ್ದುಬಿಟ್ಟಿದ್ದರೆ ಕೆಲವು ದಿನ ತಡೆಯಬಹುದು, ಆದರೆ ದೃಷ್ಟಿ ಮೊದಲಿನಷ್ಟು ಬರುವುದು ಕಷ್ಟ. "ಕಾರಿನಲ್ಲಿ ಮಲಗಿಸಿಕೊಂಡು ಹೋಗಿ" ಅಂದದ್ದು ಸುಮ್ನೆ ಅಲ್ಲ. ಆ ಒಂದು ಮಾತಿಗೇ ನಾನು ಅವನಿಗೆ ಮಾರ್ಕ್ ಕೊಟ್ಟೆ.

ಟಾರ್ಚ್ ಬಗ್ಗೆ. ಟಾರ್ಚ್ ಬೆಳಕಿಗೆ ರೆಟಿನಾ ಕಾಣುವುದಿಲ್ಲ. ಕ್ಯಾಶುವಲ್ಟಿಯಲ್ಲಿರುವ, ಕಣ್ಣೊಳಗೆ ಇಣುಕುವ ಸಣ್ಣ ಆಫ್ತಾಲ್ಮೋಸ್ಕೋಪ್‌ನಲ್ಲಿ, ಪಾಪೆ ಹಿಗ್ಗಿಸದೆ ನೋಡಿದರೆ, ಬೀಗದ ತೂತಿನಿಂದ ಇಡೀ ಕೋಣೆ ನೋಡಿದ ಹಾಗೆ. ಬದಿಯಲ್ಲಿ ಕಳಚಿದ್ದು ತಪ್ಪಿಹೋಗುತ್ತದೆ. ಆದರೆ ಟಾರ್ಚ್ ದಂಡ ಅಂದುಕೊಳ್ಳಬೇಡಿ. ಅದಕ್ಕೆ ಬೇರೆ ಕೆಲಸ ಇದೆ, ಅಕ್ಕನ ವಿಷಯಕ್ಕೆ ಬಂದಾಗ ಹೇಳುತ್ತೇನೆ.

ಸ್ಕ್ಯಾನ್ ಹೇಗೆ ಮಾಡುತ್ತೇವೆ ಅಂತ ಹೇಳಿಬಿಡುತ್ತೇನೆ, ಮುಂದೆ ಯಾರಿಗಾದರೂ ಮಾಡುವಾಗ ನೀವೂ ಗಮನಿಸಬಹುದು. ರೋಗಿ ಮಲಗಿ ಕಣ್ಣು ಮುಚ್ಚುತ್ತಾರೆ. ಕೆಲವರು ಡ್ರಿಪ್ಪಿನ ಮೇಲೆ ಅಂಟಿಸುವ ತೆಳು ಪಾರದರ್ಶಕ ಪಟ್ಟಿಯನ್ನು ರೆಪ್ಪೆಯ ಮೇಲೆ ಅಂಟಿಸುತ್ತಾರೆ, ನಾನೂ ಅಂಟಿಸುತ್ತೇನೆ, ಅಡಿಯಲ್ಲಿ ಗಾಳಿ ಸೇರದ ಹಾಗೆ ಮಾತ್ರ ನೋಡಿಕೊಳ್ಳಬೇಕು. ಆಮೇಲೆ ಜೆಲ್, ದೋಸೆಗೆ ತುಪ್ಪ ಹಾಕುವ ಲೆಕ್ಕದಲ್ಲಲ್ಲ, ಗುಡ್ಡೆ ಹಾಕಬೇಕು. ಪ್ರೋಬ್ ಜೆಲ್ಲಿನ ಮೇಲೆ ತೇಲಬೇಕೇ ಹೊರತು ರೆಪ್ಪೆಯನ್ನು ಒತ್ತಬಾರದು. ಅದಕ್ಕೆ ಕಿರುಬೆರಳನ್ನು ಮೂಗಿನ ಎಲುಬಿಗೋ ಕೆನ್ನೆಯ ಎಲುಬಿಗೋ ಊರಿ ಕೈ ಗಟ್ಟಿ ಮಾಡಿಕೊಳ್ಳುತ್ತೇವೆ. ಪರದೆಯ ಮೇಲೆ ಒಳ್ಳೆಯ ಕಣ್ಣು ಕಪ್ಪು ಚೆಂಡಿನ ಹಾಗೆ ಕಾಣುತ್ತದೆ, ಹಿಂಬದಿಯಿಂದ ಕಪ್ಪು ಬಾಲದಂತೆ ಕಣ್ಣಿನ ನರ. ನಂತರ "ಕಣ್ಣು ಮುಚ್ಚಿಕೊಂಡೇ ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಮೇಲೆ, ಕೆಳಗೆ" ಅನ್ನುತ್ತೇವೆ. ಉತ್ತರ ಸಿಗುವುದು ಈ ಓಡಾಟದಲ್ಲೇ, ನಿಂತ ಚಿತ್ರದಲ್ಲಿ ಅಲ್ಲ.

ಕಳಚಿದ ರೆಟಿನಾ ದಪ್ಪ ಬಿಳಿ ಗೆರೆ. ಅದು ನರದ ತಲೆಗೆ ಕಟ್ಟಿಹಾಕಿದ ಹಾಗೆ ಇರುತ್ತದೆ, ಪೂರ್ತಿ ಕಳಚಿದ್ದರೆ ಅಲ್ಲಿಂದ ಎರಡು ಕಡೆಗೆ ಕವಲೊಡೆದು ನಿಲ್ಲುತ್ತದೆ. ಕಣ್ಣು ಆಡಿಸಿದರೆ ಬಿಗಿಯಾಗಿ ಅಲುಗುತ್ತದೆ. ಲೋಳೆ ಮಾತ್ರ ಬಿಟ್ಟಿದ್ದರೆ ತೆಳ್ಳಗಿನ ಗೆರೆ, ನರಕ್ಕೆ ಕಟ್ಟು ಇಲ್ಲ, ಬೋಟು ನಿಲ್ಲುವ ದಕ್ಕೆಯ ಬದಿಯಲ್ಲಿ ತುಂಡಾದ ಬಲೆ ನೀರಿನಲ್ಲಿ ಓಲಾಡುತ್ತದಲ್ಲ, ಹಾಗೆ ಕಣ್ಣು ನಿಂತ ಮೇಲೂ ಓಲಾಡುತ್ತಲೇ ಇರುತ್ತದೆ. ರಕ್ತ ಬಿದ್ದಿದ್ದರೆ ಮೊದಲ ಮಳೆಗೆ ಕೆರೆ ಕದಡಿದ ಹಾಗೆ, ಸಣ್ಣ ಸಣ್ಣ ಬಿಳಿ ಕಣಗಳು ಸುತ್ತುತ್ತವೆ. ಇದನ್ನು ನೋಡಲು ಮೆಷಿನ್‌ನ ಗೇನ್, ಅಂದರೆ ವಾಪಸು ಬಂದ ಶಬ್ದವನ್ನು ದೊಡ್ಡದು ಮಾಡುವ ಗುಂಡಿ, ಏರಿಸಬೇಕು. ಏರಿಸದೆ ನೋಡಿದರೆ ರಕ್ತ ತುಂಬಿದ ಕಣ್ಣೂ ತಿಳಿನೀರಿನಂತೆ ಕಾಣುತ್ತದೆ. ಹೊಸಬರು ಮಾಡುವ ತಪ್ಪುಗಳಲ್ಲಿ ಇದು ಮೊದಲನೆಯದು.

ಎಷ್ಟು ನಂಬಬಹುದು? 2019ರಲ್ಲಿ ಅಮೆರಿಕದ ನಾಲ್ಕು ಎಮರ್ಜೆನ್ಸಿ ವಿಭಾಗಗಳ ಒಂದು ಅಧ್ಯಯನ ಬಂತು, 225 ರೋಗಿಗಳು, ಸ್ಕ್ಯಾನ್ ಮಾಡಿದವರು ನಮ್ಮಂಥ ಕ್ಯಾಶುವಲ್ಟಿಯವರು, ಆಮೇಲೆ ಕಣ್ಣಿನ ಡಾಕ್ಟರು ನೋಡಿ ತಾಳೆ ಹಾಕಿದರು. ರೆಟಿನಾ ಕಳಚಿದ್ದವರಲ್ಲಿ ಸುಮಾರು 97% ಜನರನ್ನು ಸ್ಕ್ಯಾನ್ ಹಿಡಿಯಿತು. ಒಳಗೆ ರಕ್ತ ಬಿದ್ದವರಲ್ಲಿ ಸುಮಾರು 82%. ಲೋಳೆ ಮಾತ್ರ ಬಿಟ್ಟವರಲ್ಲಿ ಸುಮಾರು 42% ಅಷ್ಟೇ. ಇನ್ನೊಂದು ಕಡೆಯಿಂದ ನೋಡಿ, ರೆಟಿನಾ ಸರಿಯಿದ್ದವರಲ್ಲಿ 12% ಜನರಿಗೆ "ಕಳಚಿದೆ" ಅಂತ ತಪ್ಪಾಗಿ ಹೇಳಿದ್ದರು.

ಆ 12%ರಲ್ಲಿ ನನ್ನದೂ ಪಾಲಿದೆ. ಒಂದು ಜುಲೈ ರಾತ್ರಿ, ಧೋ ಅಂತ ಮಳೆ, ಒಬ್ಬ ಅಜ್ಜಿಯನ್ನು ರೆಟಿನಾ ಕಳಚಿದೆ ಅಂತ 40 ಕಿಲೋಮೀಟರ್ ಹೈವೇಯಲ್ಲಿ ಓಡಿಸಿದೆ. ಅಲ್ಲಿ ನೋಡಿದರೆ ಬರೇ ಲೋಳೆ ಬಿಟ್ಟದ್ದು, ವಯಸ್ಸಿನ ಮಾಮೂಲಿ ಸಂಗತಿ. ಮರುದಿನ ಅಜ್ಜಿಯ ಅಳಿಯ ಬಂದು ಗಾಡಿ ಬಾಡಿಗೆ ಲೆಕ್ಕ ಹೇಳಿ ಹೋದರು, ನಾನು ಕೈಮುಗಿದೆ. ಆದರೆ ನಿಜ ಹೇಳಬೇಕೆಂದರೆ ಆ ತಪ್ಪಿನಿಂದ ನನಗೆ ನಿದ್ದೆ ಕೆಟ್ಟಿಲ್ಲ. ನಿದ್ದೆ ಕೆಡಿಸಿದ್ದು ಇನ್ನೊಂದು.

ಅದು ಇದಕ್ಕೂ ಹಳೆಯ ಕಥೆ, ಬೇರೆ ಆಸ್ಪತ್ರೆ, ಸ್ಕ್ಯಾನಿಂಗ್ ಕಲಿತ ಹೊಸತು. ರಿಟೈರ್ ಆದ ಒಬ್ಬ ಮಾಸ್ತರರು ಬಂದರು. ಬೆಳಗ್ಗೆ ಹಲ್ಲುಜ್ಜುವಾಗ ಸ್ವಿಚ್ ಆಫ್ ಮಾಡಿದ ಹಾಗೆ ಎಡಗಣ್ಣು ಹೋಯಿತಂತೆ. ನೋವಿಲ್ಲ, ಕೆಂಪಿಲ್ಲ. ನಾನು ಖುಷಿಯಿಂದ ಪ್ರೋಬ್ ಇಟ್ಟೆ. ಕಣ್ಣು ಪೂರ್ತಿ ತಿಳಿ. ರೆಟಿನಾ ಜಾಗದಲ್ಲೇ ಇದೆ, ರಕ್ತ ಇಲ್ಲ. "ಸ್ಕ್ಯಾನ್ ನಾರ್ಮಲ್ ಮಾಸ್ತರ್ರೇ, ನಾಳೆ ಕಣ್ಣಿನ ಒಪಿಡಿಗೆ ಬನ್ನಿ" ಅಂದೆ. ಅವರಿಗೆ ಆಗಿದ್ದದ್ದು ರೆಟಿನಾಕ್ಕೆ ರಕ್ತ ಕೊಡುವ ಮುಖ್ಯ ನಾಳ ಕಟ್ಟಿದ್ದು. ಅಂದರೆ ಕಣ್ಣಿಗೆ ಹೊಡೆದ ಲಕ್ವ. ತಿರುಳು ಚಿಪ್ಪಿಗೆ ಅಂಟಿಕೊಂಡೇ ಇರುತ್ತದೆ, ಆದರೆ ರಕ್ತವಿಲ್ಲದೆ ಸಾಯುತ್ತಿರುತ್ತದೆ. ಸಾಯುತ್ತಿರುವುದು ಶಬ್ದಕ್ಕೆ ಕೇಳಿಸುವುದಿಲ್ಲ. ಕಣ್ಣಿನ ಸಂಶೋಧಕ ಸೋಹನ್ ಸಿಂಗ್ ಹೇರೆ ಅವರು ಮಂಗಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ನಾಳ ನಾಲ್ಕು ತಾಸು ಕಟ್ಟಿದರೆ ರೆಟಿನಾ ಸರಿಪಡಿಸಲಾಗದಷ್ಟು ಹಾಳಾಗಿತ್ತು. ನಾನು ಮಾಸ್ತರರಿಗೆ ನಾಳೆ ಬನ್ನಿ ಅಂದಿದ್ದೆ. ಆ ಕಣ್ಣು ವಾಪಸು ಬರಲಿಲ್ಲ. ನಾನು ಸರಿಯಾಗಿ ಹೇಳಿದ್ದರೂ ಬರುತ್ತಿತ್ತೋ ಇಲ್ಲವೋ, ಈ ಕಾಯಿಲೆಗೆ ಚಿಕಿತ್ಸೆಯ ಫಲ ಅಷ್ಟಕ್ಕಷ್ಟೇ. ಆದರೆ ಅದರ ಜೊತೆಗೇ ಮೆದುಳಿಗೂ ಲಕ್ವ ಹೊಡೆಯುವ ಅಪಾಯ ಇತ್ತು, ಅವರು ಅದನ್ನು ಹೊತ್ತುಕೊಂಡು ಬಸ್ಸಿನಲ್ಲಿ ಮನೆಗೆ ಹೋದರು.

2021ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಇದನ್ನು ಲಕ್ವದ ಒಂದು ಬಗೆ ಅಂತಲೇ ಪರಿಗಣಿಸಿ, ತಡಮಾಡದೆ ಹಾಗೇ ನೋಡಬೇಕು ಅಂತ ಹೇಳಿತು. ಈಗ ನಾವು ಇಂಥವರನ್ನು ನೇರ ಲಕ್ವದ ಚಿಕಿತ್ಸೆ ಇರುವ ಕಡೆಗೆ ಕಳಿಸುತ್ತೇವೆ, ಮೆದುಳಿನ ಸ್ಕ್ಯಾನ್, ಇಸಿಜಿ, ಕುತ್ತಿಗೆಯ ನಾಳದಲ್ಲಿ ರಕ್ತದ ಓಟ ನೋಡುವ ಡಾಪ್ಲರ್ ಸ್ಕ್ಯಾನ್ ಎಲ್ಲ ಆಗಬೇಕು. ಕೆಲವರ ಸ್ಕ್ಯಾನಿನಲ್ಲಿ ನರದ ತಲೆಯ ಹಿಂದೆ ಹೊಳೆಯುವ ಬಿಳಿ ಚುಕ್ಕಿ ಕಾಣುತ್ತದೆ, ನಾಳದಲ್ಲಿ ಸಿಕ್ಕಿಕೊಂಡ ಸುಣ್ಣದ ಅಥವಾ ಕೊಬ್ಬಿನ ಚೂರು ಅದು. ಕಂಡರೆ ಗ್ಯಾರಂಟಿ ಹತ್ತಿರ. ಕಾಣದಿದ್ದರೆ? ಏನೂ ಹೇಳಿದ ಹಾಗಾಗಲಿಲ್ಲ.

ಇಲ್ಲಿಗೆ ಟಾರ್ಚ್ ಬೇಕು. ಕತ್ತಲೆ ಕೋಣೆಯಲ್ಲಿ ಒಳ್ಳೆಯ ಕಣ್ಣಿಗೆ ಬೆಳಕು ಬಿಟ್ಟರೆ ಎರಡೂ ಪಾಪೆ ಕುಗ್ಗುತ್ತವೆ. ತಕ್ಷಣ ಟಾರ್ಚನ್ನು ಇನ್ನೊಂದಕ್ಕೆ ಹೊರಳಿಸಿ. ಆ ಕಣ್ಣಿನ ನರವೋ ರೆಟಿನಾವೋ ಕೆಟ್ಟಿದ್ದರೆ ಪಾಪೆ ಕುಗ್ಗುವ ಬದಲು ನಿಮ್ಮೆದುರೇ ಹಿಗ್ಗುತ್ತದೆ, ಅದಕ್ಕೆ ಬೆಳಕು ಬಂದದ್ದೇ ಗೊತ್ತಿಲ್ಲದ ಹಾಗೆ. ಮಾಸ್ತರರಿಗೆ ನಾನು ಇದನ್ನು ಮಾಡಿರಲಿಲ್ಲ. ಹೊಸ ಮೆಷಿನ್ ಕೈಯಲ್ಲಿದ್ದಾಗ ಹತ್ತು ರೂಪಾಯಿಯ ಟಾರ್ಚ್ ಯಾರಿಗೆ ಬೇಕು, ಅಲ್ವಾ? ಈಗ ನಮ್ಮ ಹುಡುಗರು ಪಾಪೆ ನೋಡದೆ ಪ್ರೋಬ್ ಮುಟ್ಟಿದರೆ ನಾನು ಸಿಡುಕುತ್ತೇನೆ.

ಅಕ್ಕನ ಕಥೆಯೂ ಇದೇ ಸಾಲಿನದ್ದು. 38 ವರ್ಷ, ಒಂದು ಕಣ್ಣು ಮಂಜು, ತಿರುಗಿಸಿದರೆ ನೋವು. ಕೇಳಿದ ಕೂಡಲೇ ಮನಸ್ಸಿಗೆ ಬರುವುದು ಕಣ್ಣಿನ ನರದ ಉರಿಯೂತ. ನೋಡದೆ ಹೆಸರಿಡಬಾರದು, ಆದರೂ ಅನುಮಾನ ಅದೇ. ಅದರಲ್ಲಿ ಚೆಂಡಿನ ಒಳಗೆ ಏನೂ ಕೆಟ್ಟಿರುವುದಿಲ್ಲ, ಕೆಟ್ಟದ್ದು ಹಿಂದಿನ ತಂತಿ. ಟಿವಿ ಸರಿಯಿದೆ, ಕೇಬಲ್ ಹೋಗಿದೆ. ಸ್ಕ್ಯಾನ್ ನಾರ್ಮಲ್ ಅಂದವರು ಸುಳ್ಳು ಹೇಳಲಿಲ್ಲ, ಆದರೆ "ರೆಟಿನಾ ಕಳಚಿಲ್ಲ, ರಕ್ತ ಬಿದ್ದಿಲ್ಲ, ಬೇರೇನೋ ಇದೆ, ಹುಡುಕಬೇಕು" ಅಂತ ಹೇಳಬೇಕಿತ್ತು. ಅಕ್ಕ ಬಣ್ಣ ನೋಡಲಿ, ಒಂದೊಂದೇ ಕಣ್ಣು ಮುಚ್ಚಿ ಕೆಂಪು ಸೀರೆಯ ಅಂಚನ್ನು ನೋಡಿದಾಗ ಆ ಕಣ್ಣಿಗೆ ಕೆಂಪು ಮಾಸಿದಂತೆ ಕಂಡರೆ ಡಾಕ್ಟರಿಗೆ ಅದನ್ನೂ ಹೇಳಲಿ. ಎಂಆರ್‌ಐ ಬೇಕಾಗಬಹುದು, ಸ್ಟಿರಾಯ್ಡ್ ಬೇಕಾಗಬಹುದು, ಅದು ನೋಡಿದವರ ತೀರ್ಮಾನ.

ಕಣ್ಣಿನ ಸ್ಕ್ಯಾನಿಗೆ ಸಿಗದ ಇನ್ನೆರಡು ಬೇಗ ಹೇಳಿಬಿಡುತ್ತೇನೆ. ಕಣ್ಣು ಕೆಂಪಾಗಿ, ತಲೆ ಸಿಡಿಯುವಷ್ಟು ನೋವು, ವಾಂತಿ, ಬಲ್ಬಿನ ಸುತ್ತ ಬಣ್ಣದ ಬಳೆ ಕಂಡರೆ ಅದು ಒಮ್ಮೆಲೇ ಒತ್ತಡ ಏರುವ ಗ್ಲಾಕೋಮಾ ಇರಬಹುದು. ವಾಂತಿ ನೋಡಿ ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದ್ದನ್ನು ನಾನು ಕಂಡಿದ್ದೇನೆ. ಅಲ್ಲಿ ಬೇಕಾದ್ದು ಕಣ್ಣಿನ ಒತ್ತಡ ಅಳೆಯುವುದು. ಎರಡನೆಯದು, 50 ದಾಟಿದವರಿಗೆ ಹೊಸ ತಲೆನೋವು, ಬಾಚಣಿಗೆ ತಾಗಿದರೂ ನೆತ್ತಿ ನೋವು, ಅನ್ನ ಜಗಿಯುವಾಗ ದವಡೆ ಸೋಲುವುದು, ಜೊತೆಗೆ ಕಣ್ಣು ಮಸುಕು. ಇದು ತಲೆಯ ರಕ್ತನಾಳಗಳ ಉರಿಯೂತ ಇರಬಹುದು. ನಮ್ಮಲ್ಲಿ ಅಪರೂಪ, ಆದರೆ ಇಲ್ಲವೇ ಇಲ್ಲ ಅಂತಿಲ್ಲ. ಇಲ್ಲಿ ಪ್ರೋಬನ್ನು ಕಣ್ಣಿಗಲ್ಲ, ಕಪಾಲದ ಬದಿಯ ನಾಳಕ್ಕೆ ಇಡುತ್ತಾರೆ, ನಾಳದ ಸುತ್ತ ಕಪ್ಪು ಉಂಗುರ ಕಂಡರೆ ಅನುಮಾನ ಗಟ್ಟಿ. ಸ್ಟಿರಾಯ್ಡ್ ತಡವಾದರೆ ಇನ್ನೊಂದು ಕಣ್ಣೂ ಹೋಗಬಹುದು.

ಹಾಗೇ ಕಣ್ಣೆದುರು ಮಿಂಚು ಹೊಡೆದ ಹಾಗೆ, ನೊಣ ಹಾರಿದ ಹಾಗೆ ಹೊಸದಾಗಿ ಶುರುವಾದವರು. ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೂ ರೆಟಿನಾದಲ್ಲಿ ಸಣ್ಣ ಹರಕು ಇರಬಹುದು, ಅದು ನಮ್ಮ ಪ್ರೋಬಿಗೆ ಸಿಗುವುದಿಲ್ಲ. ಒಂದೆರಡು ದಿನದೊಳಗೆ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿಸಿ ನೋಡಿಸಲೇಬೇಕು. ಬರೇ ಹರಕು ಇರುವಾಗಲೇ ಸಿಕ್ಕಿದರೆ ಲೇಸರಿನಲ್ಲಿ ಮುಗಿಯುತ್ತದೆ.

ಬಿಲ್ ವಿಷಯ ನನಗೆ ಗೊತ್ತಿಲ್ಲ, ಎಷ್ಟು ಹಾಕಿದ್ದಾರೆ ಅಂತ ನೀವು ಬರೆದಿಲ್ಲ. ಆದರೆ ಒಂದು ಮಾತು. ನಿಮ್ಮ ಪೇಟೆಯ ಸಣ್ಣ ಕ್ಲಿನಿಕ್ಕಿನಲ್ಲಿ ಈ ಮೆಷಿನ್ ಯಾಕಿಲ್ಲ ಅಂದರೆ ದುಡ್ಡೊಂದೇ ಕಾರಣ ಅಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಕೆಳಗೆ ಇಂಥ ಮೆಷಿನ್ ನೋಂದಣಿ ಆಗಿರಬೇಕು, ಕೈಯಲ್ಲಿ ಹಿಡಿದು ಓಡಾಡುವಷ್ಟು ಸಣ್ಣದಿದ್ದರೂ ಬೇಕಾದಲ್ಲಿಗೆ ಒಯ್ಯುವಂತಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ನಾವು ಮಾಡಿದ ಕರ್ಮಕ್ಕೆ ಬಂದ ಕಾನೂನು ಅದು, ದೂರುವ ಮುಖ ನಮಗಿಲ್ಲ.

ಇನ್ನು ದುಬೈ. ಕಣ್ಣೊಳಗೆ ಗ್ಯಾಸ್ ಇರುವಷ್ಟು ದಿನ ವಿಮಾನ ಬೇಡವೇ ಬೇಡ. ಮೇಲೆ ಹೋದಂತೆ ಹೊರಗಿನ ಒತ್ತಡ ಕಡಿಮೆಯಾಗಿ ಒಳಗಿನ ಗುಳ್ಳೆ ಹಿಗ್ಗುತ್ತದೆ, ಕಣ್ಣಿನ ಒತ್ತಡ ವಿಪರೀತ ಏರಿ ರಕ್ತ ಓಡಾಟ ನಿಂತು ಆ ಕಣ್ಣೇ ಹೋಗಬಹುದು. ಯಾವ ಗ್ಯಾಸ್ ಅನ್ನುವುದರ ಮೇಲೆ ಎರಡು ವಾರವೋ ಎರಡು ತಿಂಗಳೋ ಹಿಡಿಯಬಹುದು, ಆಪರೇಷನ್ ಮಾಡಿದವರನ್ನೇ ಕೇಳಿ, ಗುಳ್ಳೆ ಪೂರ್ತಿ ಹೋಗಿದೆ ಅಂತ ಅವರು ನೋಡಿ ಹೇಳಿದ ಮೇಲೆ ಟಿಕೆಟ್ ಮಾಡಲಿ. ಶಿವಮೊಗ್ಗದಲ್ಲಿ ನೆಂಟರ ಮದುವೆ ಅಂತ ಆಗುಂಬೆ ಘಾಟಿ ಹತ್ತುವುದಿದ್ದರೂ ಮೊದಲು ಕೇಳಿ. ಈ ಮಧ್ಯೆ ಬೇರೆ ಯಾವುದಾದರೂ ಆಪರೇಷನ್ನಿಗೋ ಹಲ್ಲಿಗೋ ಹೋದರೆ ಕಣ್ಣಲ್ಲಿ ಗ್ಯಾಸ್ ಇದೆ ಅಂತ ಮೊದಲೇ ಹೇಳಬೇಕು, ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡ್ ಆ ಗುಳ್ಳೆಯನ್ನು ಹಿಗ್ಗಿಸುತ್ತದೆ. ಕಣ್ಣಲ್ಲಿ ಗ್ಯಾಸ್ ಇದೆ ಅಂತ ಬರೆದ ಪಟ್ಟಿಯನ್ನು ಕೈಗೆ ಕಟ್ಟಿ ಕಳಿಸಿದ್ದರೆ ಸ್ನಾನಕ್ಕೆ ಅಂತ ಬಿಚ್ಚಿ ಮೂಲೆಗೆ ಹಾಕಬೇಡಿ.

ಇಷ್ಟರಲ್ಲಿ ಆ ಕಣ್ಣಿಗೆ ಮತ್ತೆ ಏನಾದರೂ ಅನಿಸಿ ಕ್ಯಾಶುವಲ್ಟಿಗೆ ಹೋದರೆ, ಪ್ರೋಬ್ ಹಿಡಿದು ಬರುವವರಿಗೆ ಗ್ಯಾಸ್ ವಿಷಯ ಮೊದಲು ಹೇಳಿ. ಗಾಳಿಯಲ್ಲಿ ಈ ಶಬ್ದ ದಾಟುವುದಿಲ್ಲ, ಪರದೆಯ ಮೇಲೆ ಏನೇನೋ ಬಿಳಿ ಗೆರೆ ಬಂದು ಅವರು ಗಾಬರಿಯಾದಾರು. ಮತ್ತೆ ಅಪ್ಪನ ಎಡಗಣ್ಣನ್ನೂ ಪಾಪೆ ಹಿಗ್ಗಿಸಿ ನೋಡಿಸಿದ್ದೀರಾ? ಇಲ್ಲದಿದ್ದರೆ ಮುಂದಿನ ಸಲ ಬಲಗಣ್ಣು ತೋರಿಸಲು ಹೋದಾಗ ಅದನ್ನೂ ನೋಡಲು ಹೇಳಿ, ಡ್ರಾಪ್ಸ್ ಹಾಕಿದ ಮೇಲೆ ನಾಲ್ಕೈದು ತಾಸು ಮಂಜಾಗಿರುತ್ತದೆ, ಬರುವಾಗ ಕೈಹಿಡಿದು ಕರೆತರಲು ಯಾರಾದರೂ ಜೊತೆಗಿರಿ.